ಬೇಸಿಗೆ ಶಿಬಿರ ಮನೆಯಲ್ಲೇ: ಕಿಟ್ ಬೇಕಾ, ಆನ್‌ಲೈನ್ ಕ್ಲಾಸ್ ಬೇಕಾ, ಇಲ್ಲಾ ಒಂದು ರಟ್ಟಿನ ಡಬ್ಬ ಸಾಕಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರಟ್ಟಿನ ಡಬ್ಬಕ್ಕೆ. ಅಂದರೆ ಕಾಗದ, ಗಮ್, ಬಣ್ಣ, ದಾರ, ಐಸ್‌ಕ್ರೀಮ್ ಕಡ್ಡಿ ಎಲ್ಲವನ್ನೂ ಬಿಡಿಬಿಡಿಯಾಗಿ ತಂದು ಒಂದು ಡಬ್ಬದಲ್ಲಿ ತುಂಬಿಡುವುದು. ಈ ರಜೆಯಲ್ಲಿ ಶಿಬಿರದ ಕೆಲಸಗಳನ್ನು ಮನೆಯಲ್ಲೇ ಮಾಡಿಸೋಣ ಅಂತ ಹೊರಟಾಗ ಇನ್ನೆರಡು ದಾರಿಗಳನ್ನೂ ನೋಡಿದೆವು: ತಿಂಗಳಿಗೊಂದರಂತೆ ಮನೆಗೆ ಬರುವ ಕ್ರಾಫ್ಟ್ ಕಿಟ್, ಮತ್ತು ಲೈವ್ ಆನ್‌ಲೈನ್ ಕ್ಲಾಸ್. ಮನೆಯಲ್ಲಿ ಮಕ್ಕಳಿಬ್ಬರು. ಮಗಳಿಗೆ ಹತ್ತು, ಮಗನಿಗೆ ಆರು. ಕಿಟ್‌ಗೆ ಕೊಟ್ಟ ದುಡ್ಡಿನ ಸಿಟ್ಟು ಇನ್ನೂ ಇಳಿದಿಲ್ಲ, ಹಾಗಾಗಿ ಈ ಹೋಲಿಕೆ ಸ್ವಲ್ಪ ಒಂದು ಕಡೆ ವಾಲಿದ್ದರೆ ಆಶ್ಚರ್ಯಪಡಬೇಡಿ.

ಕಿಟ್‌ನಲ್ಲಿ ಏನೇನಿದೆ ಅಂತ ಮುಚ್ಚಳದ ಮೇಲೇ ಬರೆದಿರುತ್ತದೆ, ಅದನ್ನು ಬಿಡೋಣ. ಬರೆಯದೇ ಇರುವುದು ಒಣಗುವ ಸಮಯ.

ನಮಗೆ ಬಂದದ್ದು ಕಡ್ಡಿಗಳಿಂದ ಮಾಡುವ ಹಕ್ಕಿಗೂಡು. ಮೇಲೆ ‘45 ನಿಮಿಷದ ಮಜಾ’ ಅಂತ ಅಚ್ಚಾಗಿತ್ತು. ಒಳಗಿನ ಪುಸ್ತಿಕೆ ಪ್ರಕಾರ ಮೊದಲು ಕಡ್ಡಿಗಳಿಗೆ ಬಣ್ಣ ಹಚ್ಚಬೇಕು, ಆಮೇಲೆ ಅಂಟಿಸಬೇಕು. ಬಣ್ಣ ಒಣಗಲು ಎಷ್ಟು ಹೊತ್ತು ಕಾಯಬೇಕು ಅನ್ನುವ ಸಾಲೇ ಇಲ್ಲ. ಮಕ್ಕಳು ಕಾಯುತ್ತಾರಾ? ಮುಟ್ಟಿ ನೋಡಿದರು, ಬೆರಳಚ್ಚು ಬಿತ್ತು, ಮತ್ತೆ ಬಣ್ಣ ಹಚ್ಚಿದರು, ಮತ್ತೆ ಒದ್ದೆ.

ಅಂತೂ ಒಣಗಿತು ಅಂದುಕೊಂಡು ಅಂಟಿಸಲು ಕೂತರೆ ಇನ್ನೊಂದು ತಲೆನೋವು. ಕಿಟ್‌ನಲ್ಲಿ ಕೊಟ್ಟಿದ್ದು ಪೋಸ್ಟರ್ ಬಣ್ಣ. ಅದು ನೀರಿಗೆ ಕರಗುವಂಥದ್ದು, ಒಣಗಿದ ಮೇಲೂ ನೀರು ತಾಗಿದರೆ ಮತ್ತೆ ಬಿಟ್ಟುಕೊಳ್ಳುತ್ತದೆ. ಬಿಳಿ ಗಮ್‌ನಲ್ಲಿ ನೀರೇ ಜಾಸ್ತಿ. ಹಾಗಾಗಿ ಬಣ್ಣದ ಮೇಲೆ ಗಮ್ ಹಚ್ಚಿದ ಕೂಡಲೇ ಅಡಿಯ ಬಣ್ಣ ಕರಗಿ ಕಡ್ಡಿಗಳು ಜಾರತೊಡಗಿದವು. ಗೋಡೆ ನಿಲ್ಲಿಸಿದರೆ ಮಾಡು ಬೀಳುತ್ತದೆ, ಮಾಡು ಹಿಡಿದರೆ ಗೋಡೆ ಬಾಗುತ್ತದೆ.

ಬಿಳಿ ಗಮ್ ಗಟ್ಟಿಯಾಗುವುದು ಅದರ ನೀರು ಹೊರಗೆ ಹೋದಾಗ. ಬಣ್ಣವಿಲ್ಲದ ಮರಕ್ಕೆ ಹಚ್ಚಿದರೆ ಮರ ನೀರು ಹೀರಿಕೊಳ್ಳುತ್ತದೆ, ಕೆಲಸ ಬೇಗ ಆಗುತ್ತದೆ. ಹಾಗಿದ್ದರೂ ಅರ್ಧ ಗಂಟೆ ಒತ್ತಿ ಹಿಡಿಯಬೇಕು, ಪೂರ್ತಿ ಗಟ್ಟಿಯಾಗಲು ಒಂದು ದಿನ ಬೇಕು. ಪ್ಲಾಸ್ಟಿಕ್ ಮೇಲೆ ನೀರು ಹೋಗಲು ಜಾಗವೇ ಇಲ್ಲ, ಅದಕ್ಕೇ ಅಲ್ಲಿ ಸರಿಯಾಗಿ ಅಂಟುವುದಿಲ್ಲ. ಇಷ್ಟು ಗೊತ್ತಿದ್ದರೆ ಉಪಾಯ ಸುಲಭ: ಕಡ್ಡಿಯ ತುದಿಗಳಿಗೆ ಬಣ್ಣ ಹಚ್ಚದೆ ಹಾಗೇ ಬಿಡಿ, ಅಂಟಿಸಿದ ಜಾಗಕ್ಕೆ ಬಟ್ಟೆ ಕ್ಲಿಪ್ ಹಾಕಿ. ಇಲ್ಲವೇ ಮೊದಲು ಅಂಟಿಸಿ, ಮಾರನೇ ದಿನ ಬಣ್ಣ ಹಚ್ಚಿ. ದುಡ್ಡು ತೆಗೆದುಕೊಂಡು ಪುಸ್ತಿಕೆ ಬರೆದವರು ಈ ಎರಡು ಸಾಲು ಸೇರಿಸಬಹುದಿತ್ತು, ಅಲ್ವಾ?

ಅಂಟಿನ ಕಡ್ಡಿಯನ್ನು ಕರಗಿಸಿ ಹಚ್ಚುವ ಗ್ಲೂ ಗನ್ ತಗೊಳ್ಳಿ ಅಂತ ಹೇಳುವವರಿದ್ದಾರೆ. ನಿಜ, ಕ್ಷಣದಲ್ಲಿ ಅಂಟುತ್ತದೆ. ಆದರೆ ಹೆಚ್ಚು ಶಾಖದ ಗನ್‌ನಲ್ಲಿ ಅಂಟು ಸುಮಾರು 190 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಕಡಿಮೆ ಶಾಖದ್ದು 120ರ ಆಸುಪಾಸು, ಅದೂ ಚರ್ಮ ಸುಡುತ್ತದೆ. ಆಗ ಗನ್ ನನ್ನ ಕೈಯಲ್ಲಿ, ಮಕ್ಕಳು ಪಕ್ಕದಲ್ಲಿ ನಿಂತು ನೋಡುವವರು. ಕ್ರಾಫ್ಟ್ ಮಾಡಿದ್ದು ಯಾರು ಹಾಗಾದರೆ?

ಕಿಟ್‌ನ ಉಳಿದ ದೂರುಗಳು ಸಣ್ಣವು. ಒಂದೇ ಬ್ರಷ್, ಇಬ್ಬರು ಮಕ್ಕಳು. ‘ಅಕ್ಕ ನನ್ ಬ್ರಷ್ ಕಿತ್ಕೊಂಡ್ಲು’ ಅನ್ನುವುದು ನಮ್ಮ ಮನೆಯ ಹಿನ್ನೆಲೆ ಸಂಗೀತವಾಯಿತು. ಇನ್ನು ಮುಚ್ಚಳದ ಮೇಲಿನ ಚಿತ್ರದ ಹಾಗೇ ಬರಬೇಕು ಅನ್ನುವ ಹಟ. ಬರದಿದ್ದರೆ ಅಳು.

ಆನ್‌ಲೈನ್ ಕ್ಲಾಸ್ ಬಗ್ಗೆ ಹೇಳುವುದು ಕಡಿಮೆ. ಕಲಿಸಿದವರು ಒಳ್ಳೆಯವರು, ತಾಳ್ಮೆಯೂ ಇತ್ತು. ಆದರೆ ಲೈವ್ ಅಂದರೆ ಲೈವ್, ಯಾರಿಗೂ ಕಾಯುವುದಿಲ್ಲ. ಮಗ ಇನ್ನೂ ಕತ್ತರಿಸುತ್ತಿರುತ್ತಾನೆ, ಅಲ್ಲಿ ಮೂರನೇ ಮಡಿಕೆ ಮುಗಿದಿರುತ್ತದೆ. ಎದುರಿಗೆ ಕೂತವರು ಬಲಕ್ಕೆ ಮಡಿಸಿದರೆ ನಮ್ಮ ಕಡೆಗೆ ಅದು ಎಡ, ಕಾಗದ ಮಡಿಸುವ ಕಲೆಯಲ್ಲಿ ಆರು ವರ್ಷದವನಿಗೆ ಇದು ದೊಡ್ಡ ಗೊಂದಲ. ರೆಕಾರ್ಡ್ ಆದ ವಿಡಿಯೊ ವಾಸಿ, ನಿಲ್ಲಿಸಿ ನೋಡಬಹುದು. ಗಮ್ ಮೆತ್ತಿದ ಕೈಯಲ್ಲಿ ಫೋನ್ ಮುಟ್ಟುವುದನ್ನು ಸಹಿಸಿಕೊಳ್ಳುವ ಶಕ್ತಿ ನಿಮಗಿರಬೇಕು ಅಷ್ಟೆ.

ಈ ಒಣಗುವ ವಿಷಯ ತಲೆಗೆ ಹೊಕ್ಕ ಮೇಲೆಯೇ ಶಿಬಿರಗಳು ಹೇಗೆ ನಡೆಯುತ್ತವೆ ಅಂತ ಯೋಚಿಸಿದ್ದು. ಅಲ್ಲೂ ಅದೇ ಗಮ್, ಅದೇ ಬಣ್ಣ. ಆದರೆ ಒಂದು ಗುಂಪು ಬಣ್ಣ ಹಚ್ಚಿಟ್ಟು ಆಟಕ್ಕೆ ಹೋಗುತ್ತದೆ, ಇನ್ನೊಂದು ಗುಂಪು ಬಂದು ಕೂರುತ್ತದೆ. ತಿರುಗಿ ಬರುವಷ್ಟರಲ್ಲಿ ಎಲ್ಲ ಒಣಗಿರುತ್ತದೆ. ಮಕ್ಕಳು ಸುಮ್ನೆ ಕಾಯುವ ಹೊತ್ತೇ ಇರುವುದಿಲ್ಲ. ಒಂದೇ ಕೆಲಸ ಇರುವ ಕಿಟ್‌ನಲ್ಲಿ ಇದು ಆಗದು. ಬಿಡಿ ಸಾಮಾನಿನ ಡಬ್ಬದಲ್ಲಿ ಆಗುತ್ತದೆ, ಯಾಕೆಂದರೆ ಎರಡು ಕೆಲಸಗಳನ್ನು ಜೋಡಿ ಮಾಡಬಹುದು: ಒಂದು ಒದ್ದೆ, ಒಂದು ಒಣ.

ಒಣ ಕೆಲಸಕ್ಕೆ ದಾರದ ಕೈಪಟ್ಟಿಯನ್ನು ಮೀರಿಸಿದ್ದು ಇಲ್ಲ. ಶಿಬಿರಗಳಲ್ಲಿ ಮಕ್ಕಳು ಒಬ್ಬರಿಗೊಬ್ಬರು ಕಟ್ಟುತ್ತಾರಲ್ಲ, ಅದೇ ಫ್ರೆಂಡ್‌ಶಿಪ್ ಬ್ಯಾಂಡ್. ಕಸೂತಿ ದಾರದ ಒಂದು ಲಡಿಯಲ್ಲಿ ಸಾಮಾನ್ಯವಾಗಿ 8 ಮೀಟರ್ ಇರುತ್ತದೆ. 80ರಿಂದ 90 ಸೆಂಟಿಮೀಟರ್ ಉದ್ದದ ಆರು ಎಳೆ, ಬಣ್ಣ ಬಣ್ಣದವು, ಒಂದು ಪಟ್ಟಿಗೆ ಸಾಕು. ಎಡ ತುದಿಯ ದಾರವನ್ನು ಪಕ್ಕದ್ದಕ್ಕೆ ಸುತ್ತಿ ಗಂಟು ಹಾಕಬೇಕು, ಪ್ರತಿ ದಾರಕ್ಕೂ ಎರಡೆರಡು ಸಲ. ಒಂದೇ ಸಲ ಹಾಕಿದರೆ ಬಣ್ಣದ ಗೆರೆ ಸೊಟ್ಟಗಾಗುತ್ತದೆ. ಯಾವ ಗಂಟಿನಲ್ಲಾದರೂ ನಿಲ್ಲಿಸಬಹುದು, ನಾಳೆ ಅಲ್ಲಿಂದಲೇ ಮುಂದುವರಿಸಬಹುದು. ಮಗಳು ಇದನ್ನು ಕುರ್ಚಿಗೆ ಟೇಪ್ ಹಚ್ಚಿ ಕಟ್ಟಿಕೊಂಡು ಕೂತರೆ ಊಟಕ್ಕೂ ಏಳುವುದಿಲ್ಲ.

ಆರು ವರ್ಷದವನಿಗೆ ಗಂಟು ಕಷ್ಟ. ಅವನಿಗೆ ರಟ್ಟಿನ ಚಕ್ರ. ದಪ್ಪ ರಟ್ಟನ್ನು ಅಂಗೈ ಅಗಲಕ್ಕೆ ಎಂಟು ಮೂಲೆಯಾಗಿ ಕತ್ತರಿಸಿ, ನಡುವೆ ತೂತು ಮಾಡಿ, ಅಂಚಿನಲ್ಲಿ ಎಂಟು ಸೀಳು ಕೊಡಿ. ಏಳು ದಾರಗಳ ತುದಿ ಸೇರಿಸಿ ಗಂಟು ಹಾಕಿ ತೂತಿನೊಳಗೆ ಇಳಿಸಿ, ಒಂದೊಂದು ದಾರ ಒಂದೊಂದು ಸೀಳಿಗೆ. ಒಂದು ಸೀಳು ಖಾಲಿ ಉಳಿಯುತ್ತದೆ. ಖಾಲಿ ಸೀಳಿನಿಂದ ಎಣಿಸಿ ಮೂರನೇ ದಾರವನ್ನು ಎತ್ತಿ ಖಾಲಿ ಜಾಗಕ್ಕೆ ಹಾಕುವುದು. ಈಗ ಬೇರೆ ಸೀಳು ಖಾಲಿ. ಚಕ್ರ ತಿರುಗಿಸಿ, ಅದೇ ದಿಕ್ಕಿನಲ್ಲಿ ಮತ್ತೆ ಮೂರು ಎಣಿಸುವುದು. ಅಡಿಯಿಂದ ದುಂಡನೆಯ ಹಗ್ಗ ಇಳಿದು ಬರುತ್ತದೆ. ಮೂರರವರೆಗೆ ಎಣಿಸಲು ಬಂದರೆ ಸಾಕು. ರಟ್ಟು ಹಳೇ ಪಾರ್ಸಲ್‌ನದು, ಹಾಗಾಗಿ ಪುಕ್ಕಟೆ.

ಒದ್ದೆ ಕೆಲಸಕ್ಕೆ ನಮ್ಮ ಮನೆಯಲ್ಲಿ ಕಾಗದದ ಮುಖವಾಡ. ಊದಿದ ಬಲೂನಿನ ಮೇಲೆ ಹಿಟ್ಟಿನ ಅಂಟಿನಲ್ಲಿ ಅದ್ದಿದ ಪೇಪರ್ ಚೂರುಗಳು. ಒಂದೇ ಸಲಕ್ಕೆ ಆರೇಳು ಪದರ ಹಾಕಿದರೆ ಒಳಗೆ ಒದ್ದೆ ಉಳಿದು ಬೂಸ್ಟು ಹಿಡಿಯುತ್ತದೆ. ದಿನಕ್ಕೆ ಒಂದೋ ಎರಡೋ ಪದರ ಹಾಕಿ ಬಿಸಿಲಿಗಿಟ್ಟು, ಮಕ್ಕಳು ದಾರ ಹಿಡಿದು ಕೂರುತ್ತಾರೆ. ಕಿಟ್‌ನಲ್ಲಿ ಶತ್ರುವಾಗಿದ್ದ ಒಣಗುವ ಸಮಯ ಇಲ್ಲಿ ಟೈಮ್‌ಟೇಬಲ್ ಆಯಿತು.

ಪ್ಲಾಸ್ಟರ್ ಆಫ್ ಪ್ಯಾರಿಸ್ ಎಲೆಯ ಅಚ್ಚು ತೆಗೆಯಲು ಚೆಂದ. ಆದರೆ ಅದು ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ದಪ್ಪ ಮುದ್ದೆಯಾದರೆ ಸುಡುವಷ್ಟು. ಕೈಯ ಅಚ್ಚು ಅಂತ ಮಗುವಿನ ಕೈ ಅದರೊಳಗೆ ಇಡಿಸಲೇಬೇಡಿ. ಕೈ ಅಚ್ಚಿಗೆ ಉಪ್ಪು ಬೆರೆಸಿದ ಹಿಟ್ಟು ಸಾಕು: ಎರಡು ಲೋಟ ಹಿಟ್ಟು, ಒಂದು ಲೋಟ ಉಪ್ಪು, ಒಂದು ಲೋಟದಷ್ಟು ನೀರು. ನಾಯಿ ಇರುವ ಮನೆಯಲ್ಲಿ ಎತ್ತರದಲ್ಲಿಡಿ, ಅಷ್ಟು ಉಪ್ಪು ತಿಂದರೆ ಅದಕ್ಕೆ ಅಪಾಯ. ಉಳಿದ ಪ್ಲಾಸ್ಟರ್ ನೀರನ್ನು ಸಿಂಕ್‌ಗೆ ಸುರಿಯಬೇಡಿ, ಪೈಪಿನೊಳಗೆ ಕಲ್ಲಾಗುತ್ತದೆ.

ಟೈ-ಡೈ, ಅಂದರೆ ಬಟ್ಟೆಯನ್ನು ಅಲ್ಲಲ್ಲಿ ಬಿಗಿಯಾಗಿ ಕಟ್ಟಿ ಬಣ್ಣ ಹಾಕುವುದು: ಪೂರ್ತಿ ಹತ್ತಿ ಬಟ್ಟೆ ಇದ್ದರೆ ಮಾಡಿ, ಪಾಲಿಯೆಸ್ಟರ್ ಬೆರೆತಿದ್ದರೆ ತೊಳೆದ ಮೇಲೆ ಬಣ್ಣ ಮಂಕು.

ಇಷ್ಟೆಲ್ಲ ಬೈದ ಮೇಲೂ ಒಂದೇ ಒಂದು ಸಿದ್ಧ ಸಾಮಾನನ್ನು ನಾನು ಮತ್ತೆ ಕೊಳ್ಳುತ್ತೇನೆ: ಬಿಸಿಲಿನಲ್ಲಿ ಚಿತ್ರ ಮೂಡುವ ನೀಲಿ ಕಾಗದ. ಸಯನೋಟೈಪ್ ಅನ್ನುತ್ತಾರೆ. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷಲ್ ಕಂಡುಹಿಡಿದದ್ದು. ಮರುವರ್ಷವೇ ಅನ್ನಾ ಅಟ್ಕಿನ್ಸ್ ಅನ್ನುವ ಸಸ್ಯಶಾಸ್ತ್ರದ ಆಸಕ್ತೆ ಸಮುದ್ರದ ಪಾಚಿಗಳನ್ನು ಇಂಥ ಕಾಗದದ ಮೇಲಿಟ್ಟು ಅವುಗಳ ಅಚ್ಚು ತೆಗೆದು ಪುಸ್ತಕವಾಗಿ ಹೊರತರತೊಡಗಿದರು. ಎಲೆ, ಗರಿ, ಕೀಲಿಕೈ ಏನನ್ನಾದರೂ ಇಟ್ಟು ಕೆಲವು ನಿಮಿಷ ಬಿಸಿಲಿಗೆ ಹಿಡಿದು ನೀರಲ್ಲಿ ತೊಳೆದರೆ, ಬಿಸಿಲು ಬಿದ್ದ ಜಾಗ ಗಾಢ ನೀಲಿ, ಮುಚ್ಚಿದ್ದ ಜಾಗ ಬಿಳಿ. ಇದರ ರಾಸಾಯನಿಕಗಳನ್ನು ಮನೆಯಲ್ಲಿ ಮಕ್ಕಳ ಜೊತೆ ಕಲಸುವುದಕ್ಕಿಂತ ಲೇಪ ಹಚ್ಚಿದ ಕಾಗದ ತರುವುದು ಒಳ್ಳೆಯದು. ಗಮ್ ಬೇಡ, ಬ್ರಷ್ ಬೇಡ, ಜಗಳ ಬೇಡ.

ಬಜೆಟ್ ಲೆಕ್ಕ ಹೇಳಬೇಕೆಂದರೆ, ಕಿಟ್ ಒಂದೇ ಸಲಕ್ಕೆ ಮುಗಿಯುತ್ತದೆ. ಅದೇ ದುಡ್ಡಿಗೆ ತಂದ ದಾರ, ಗಮ್, ಕಡ್ಡಿ ರಜೆ ಮುಗಿದರೂ ಉಳಿದಿವೆ. ಡಬ್ಬಕ್ಕೆ ಬೇಕಾಗುವುದು ಹಿಂದಿನ ರಾತ್ರಿ ಹತ್ತು ನಿಮಿಷ, ನಾಳೆಯ ಒದ್ದೆ ಯಾವುದು, ಒಣ ಯಾವುದು ಅಂತ ಎತ್ತಿಡಲು. ನಾನು ರಾತ್ರಿ ಎಚ್ಚರ ಇರುವವಳು, ನನಗದು ಹೊಂದುತ್ತದೆ. ಬೆಳಿಗ್ಗೆಯಿಂದ ಸಂಜೆವರೆಗೆ ಆಫೀಸಿನ ಕರೆಗಳಲ್ಲಿ ಮುಳುಗಿರುವವರು, ಮಗು ಒಂದೇ ಇರುವವರು ಕಿಟ್ ತರಿಸಿದರೆ ನಾನು ತಡೆಯುವುದಿಲ್ಲ. ಆದರೆ ಅಂಟಿಸುವ ಕೆಲಸ ಇಲ್ಲದ ಕಿಟ್ ಆರಿಸಿಕೊಳ್ಳಿ: ನೇಯ್ಗೆ, ಮಣಿ ಪೋಣಿಸುವುದು, ಹೊಲಿಗೆ ಇಂಥವು. ಅಂಟಿಸುವಂಥದ್ದೇ ಬಂದರೆ ಜೊತೆಗೆ ಬಟ್ಟೆ ಕ್ಲಿಪ್ ಒಂದು ಡಜನ್, ಮತ್ತೊಂದು ಬ್ರಷ್ ತಂದಿಟ್ಟುಕೊಳ್ಳಿ.