ವಿದೇಶದಿಂದ ಸಿನಿಮಾ ಡಿಸ್ಕ್ ತರಿಸುವ ಮುಂಚೆ ಬಾಕ್ಸ್ ಹಿಂಬದಿ ನೋಡಿ

ಅಪ್ಪನಿಗೆ 75 ತುಂಬಿದಾಗ ನ್ಯೂಜೆರ್ಸಿಯಲ್ಲಿರುವ ಅಕ್ಕ ಒಂದು ಉಡುಗೊರೆ ತಂದಳು. ಸತ್ಯಜಿತ್ ರಾಯ್ ಅವರ ಅಪು ಚಿತ್ರಗಳು (ಅಪು ಅನ್ನುವ ಹುಡುಗನ ಕಥೆಯ ಮೂರು ಸಿನಿಮಾ), ಡಿವಿಡಿಗಿಂತ ಸ್ಪಷ್ಟವಾಗಿ ತೋರಿಸುವ ಮೂರು ಬ್ಲೂ-ರೇ ಡಿಸ್ಕ್‌ಗಳ ಸೆಟ್. ಅಮೆರಿಕದಲ್ಲೇ ಕೊಂಡು, ಸೀರೆಗಳ ಮಧ್ಯೆ ಸುತ್ತಿ ಜೋಪಾನವಾಗಿ ಮೈಸೂರಿಗೆ ತಂದಿದ್ದಳು. ಅದನ್ನು ನೋಡಲು ನಾವು ಪಟ್ಟ ಪಾಡು ಬೇರೆ ಯಾರಿಗೂ ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ. ಹೊರದೇಶದಲ್ಲಿ ನಿಮ್ಮವರು ಯಾರಾದರೂ ಇದ್ದು, ಅವರಿಂದ ಡಿಸ್ಕ್ ತರಿಸುವ ಆಲೋಚನೆ ಇದ್ದರೆ ದಯವಿಟ್ಟು ಪೂರ್ತಿ ಓದಿ.

ಅಪ್ಪ ಈ ಸಿನಿಮಾಗಳನ್ನು ಎಪ್ಪತ್ತರ ದಶಕದಲ್ಲಿ ಒಂದು ಫಿಲ್ಮ್ ಸೊಸೈಟಿಯಲ್ಲಿ ನೋಡಿದ್ದರಂತೆ. 16 ಎಂ.ಎಂ. ಪ್ರಿಂಟು, ತುಂಬಾ ಗೀರು, ಪ್ರೊಜೆಕ್ಟರ್ ಸದ್ದಿನಲ್ಲಿ ಮಾತು ಸರಿಯಾಗಿ ಕೇಳುತ್ತಿರಲಿಲ್ಲ. ಆಮೇಲೆ ಟಿವಿಯಲ್ಲಿ ಒಂದೆರಡು ಸಲ, ಅದೂ ಮಸುಕು ಮಸುಕು. ಈ ಹೊಸ ಪ್ರತಿಗೆ ಒಂದು ಕಥೆಯೇ ಇದೆ. 1993ರಲ್ಲಿ ಲಂಡನ್ನಿನ ಲ್ಯಾಬ್ ಒಂದರಲ್ಲಿ ಬೆಂಕಿ ಬಿದ್ದು ಮೂಲ ನೆಗೆಟಿವ್‌ಗಳು ಸುಟ್ಟುಹೋಗಿದ್ದವು. ಅಳಿದುಳಿದ ರೀಲುಗಳನ್ನು ಇಟಲಿಯ ಬೊಲೋನ್ಯಾದಲ್ಲಿ ಕೈಯಿಂದಲೇ ತಿಂಗಳುಗಟ್ಟಲೆ ರಿಪೇರಿ ಮಾಡಿ, ಬೇರೆ ಪ್ರತಿಗಳಿಂದ ಉಳಿದದ್ದನ್ನು ಸೇರಿಸಿ, 2015ರಲ್ಲಿ ಮತ್ತೆ ತೆರೆಗೆ ತಂದರು. ಅಪ್ಪನಿಗೆ ಇದೆಲ್ಲಾ ಗೊತ್ತಿತ್ತು. ಪೇಪರಿನಲ್ಲಿ ಬಂದಿದ್ದ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಂಡಿದ್ದರು.

ಆ ಸಂಜೆ ಅಪ್ಪ ಏಳಕ್ಕೇ ಊಟ ಮುಗಿಸಿದರು. ತಮ್ಮ ಬೆತ್ತದ ಕುರ್ಚಿಯನ್ನು ತಾವೇ ಎಳೆದು ಟಿವಿ ಮುಂದೆ ಹಾಕಿಕೊಂಡರು. ಅಮ್ಮ ಹಾಲಿನ ಲೈಟ್ ಆರಿಸಿದರು. ನಾನು ಡಿಸ್ಕ್ ಹಾಕಿದೆ. ಟ್ರೇ ಒಳಗೆ ಹೋಯಿತು, ಡಿಸ್ಕ್ ತಿರುಗುವ ಸದ್ದು ಬಂತು, ಪರದೆ ಕಪ್ಪಾಯಿತು. ಹತ್ತು ಸೆಕೆಂಡ್ ಆದ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು. ಈ ಪ್ಲೇಯರ್‌ನ ರೀಜನ್ ಕೋಡಿಗೆ ಈ ಡಿಸ್ಕ್ ಹೊಂದುವುದಿಲ್ಲ ಅಂತ.

'ಧೂಳಿರಬೇಕು ನೋಡೋ' ಅಂದರು ಅಪ್ಪ. ಡಿಸ್ಕ್ ಈಚೆ ತೆಗೆದೆ. ಅವರೇ ಅದನ್ನು ಕೈಗೆ ತೆಗೆದುಕೊಂಡು, ಕನ್ನಡಕದ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಮೆಲ್ಲಗೆ ಒರೆಸಿದರು. ಮತ್ತೆ ಹಾಕಿದೆ. ಅದೇ ಸಾಲು. ಎರಡನೇ ಡಿಸ್ಕ್, ಮೂರನೇ ಡಿಸ್ಕ್, ಎಲ್ಲದರಲ್ಲೂ ಅದೇ. ಅಕ್ಕನ ಮುಖ ಸಣ್ಣಗಾಯಿತು. ಆಮೇಲೆ ಬಾಕ್ಸ್ ತಿರುಗಿಸಿ ನೋಡಿದರೆ, ಹಿಂಬದಿಯ ಮೂಲೆಯಲ್ಲಿ, ಬಾರ್‌ಕೋಡಿನ ಹತ್ತಿರ, ಉಗುರಿನಷ್ಟು ಚಿಕ್ಕ ಚಿಹ್ನೆ. ಅದರೊಳಗೆ ಇಂಗ್ಲಿಷಿನ 'ಎ' ಅಕ್ಷರ. ನಮ್ಮ ಪ್ಲೇಯರ್ ಇಲ್ಲೇ ಕೊಂಡದ್ದು. ಅದು 'ಸಿ'.

ಇದು ಏನು ಅಂತ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಬ್ಲೂ-ರೇಗೆ ಪ್ರಪಂಚವನ್ನು ಮೂರು ಭಾಗ ಮಾಡಿದ್ದಾರೆ. ಅಮೆರಿಕ, ಕೆನಡಾ, ಜಪಾನ್, ಕೊರಿಯಾ, ಸಿಂಗಾಪುರ, ಮಲೇಷ್ಯಾ ಎಲ್ಲಾ 'ಎ'. ಯೂರೋಪ್, ಆಫ್ರಿಕಾ, ದುಬೈ ಕಡೆಯ ಗಲ್ಫ್ ದೇಶಗಳು, ಆಸ್ಟ್ರೇಲಿಯಾ 'ಬಿ'. ಭಾರತ, ಚೀನಾ, ರಷ್ಯಾ 'ಸಿ'. ಡಿವಿಡಿಯ ಲೆಕ್ಕವೇ ಬೇರೆ, ಅದಕ್ಕೆ ಸಂಖ್ಯೆ. ಅಮೆರಿಕ 1, ಯೂರೋಪ್, ಜಪಾನ್ ಮತ್ತು ಗಲ್ಫ್ 2, ಸಿಂಗಾಪುರದ ಕಡೆ 3, ಆಸ್ಟ್ರೇಲಿಯಾ 4, ನಾವು 5, ಚೀನಾ 6. ವಿಮಾನ ಮತ್ತು ಹಡಗಿಗೆ 8. ಡಿಸ್ಕಿನ ಗುರುತೂ ಪ್ಲೇಯರಿನ ಗುರುತೂ ಒಂದೇ ಇದ್ದರೆ ಮಾತ್ರ ಸಿನಿಮಾ ಬರುತ್ತದೆ. ಡಿವಿಡಿ ಶುರುವಾದದ್ದು 1996-97ರಲ್ಲಿ. ಆಗ ಒಂದು ಸಿನಿಮಾ ಅಮೆರಿಕದಲ್ಲಿ ಬಿಡುಗಡೆಯಾಗಿ ಎಷ್ಟೋ ತಿಂಗಳ ಮೇಲೆ ಬೇರೆ ದೇಶಕ್ಕೆ ಬರುತ್ತಿತ್ತು. ಅಲ್ಲಿನ ಡಿಸ್ಕ್ ಇಲ್ಲಿಗೆ ಬಂದುಬಿಟ್ಟರೆ ಥಿಯೇಟರ್‌ಗೆ ಯಾರು ಹೋಗುತ್ತಾರೆ ಅನ್ನುವ ಭಯಕ್ಕೆ ಈ ಬೀಗ ಹಾಕಿದರು. ಒಂದೊಂದು ದೇಶದಲ್ಲಿ ಒಂದೊಂದು ಬೆಲೆಗೆ ಮಾರುವ ಲೆಕ್ಕವೂ ಇತ್ತು. ಈಗ ದೊಡ್ಡ ಸಿನಿಮಾಗಳು ಎಲ್ಲಾ ಕಡೆ ಹೆಚ್ಚುಕಡಿಮೆ ಒಂದೇ ವಾರ ಬರುತ್ತವೆ. ಬೀಗ ಮಾತ್ರ ಹಾಗೇ ಇದೆ. ಅಪು ಚಿತ್ರಗಳಲ್ಲಿ ಮೊದಲನೆಯದು ಬಂಗಾಳದ ಹಳ್ಳಿಯಲ್ಲಿ ತೆಗೆದ ಸಿನಿಮಾ, 1955ರದ್ದು. ಅದನ್ನು ದುಡ್ಡು ಕೊಟ್ಟು, ನ್ಯಾಯವಾಗಿ ಕೊಂಡು ತಂದರೂ ಭಾರತದ ಒಂದು ಮನೆಯ ಪ್ಲೇಯರ್ ಅದನ್ನು ತೋರಿಸುವುದಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ ಅಲ್ವಾ?

ಇನ್ನು ನಾನು ಮಾಡಿದ ದೊಡ್ಡ ತಪ್ಪಿಗೆ ಬರುತ್ತೇನೆ. ಮುಖ್ಯವಾಗಿ ಹೇಳಬೇಕಾದದ್ದು ಇದೇ.

ಮುಂದಿನ ಶನಿವಾರ ಬೆಂಗಳೂರಿಗೆ ಹೋಗಿ ಎಸ್.ಪಿ. ರೋಡಿನಲ್ಲಿ ಅಂಗಡಿ ಅಂಗಡಿ ಅಲೆದೆ. ಒಂದು ಕಡೆ ಬ್ಲೂ-ರೇ ಪ್ಲೇಯರ್ ಇತ್ತು. ಡಬ್ಬದ ಮೇಲೆ ಹಳದಿ ಸ್ಟಿಕ್ಕರ್, 'ಆಲ್ ರೀಜನ್'. ನಾನೂ ಸುಮ್ನೆ ನಂಬಲಿಲ್ಲ. ಅಕ್ಕ ಹಿಂದೆ ಯಾವಾಗಲೋ ತಂದಿದ್ದ ಅಮೆರಿಕದ ಒಂದು ಡಿವಿಡಿ ಬ್ಯಾಗಿನಲ್ಲಿತ್ತು. 'ಇದನ್ನ ಹಾಕಿ ತೋರಿಸಿ' ಅಂದೆ. ಅಂಗಡಿಯವರು ಅಲ್ಲೇ ಹಾಕಿ ತೋರಿಸಿದರು. ಚೆನ್ನಾಗಿ ಓಡಿತು. 'ಯಾವ ದೇಶದ್ದು ತಂದರೂ ಓಡುತ್ತೆ ಸಾರ್' ಅಂದರು. 9,500 ರೂಪಾಯಿ ಕೊಟ್ಟು ತಂದೆ. ಬಿಲ್ಲಿನ ಕೆಳಗೆ ಮಾರಿದ ಮಾಲು ವಾಪಸ್ ಇಲ್ಲ ಅಂತ ಸೀಲು ಹೊಡೆದಿದ್ದರು. ಅದನ್ನು ನೋಡಿಯೂ ಸುಮ್ಮನಾದೆ.

ಮನೆಗೆ ಬಂದು ಬ್ಲೂ-ರೇ ಹಾಕಿದರೆ ಮತ್ತೆ ಅದೇ ಸಾಲು.

ಆಗ ತಿಳಿದದ್ದು ಇದು. ಒಂದೇ ಪ್ಲೇಯರಿನೊಳಗೆ ಎರಡು ಬೀಗ ಇರುತ್ತವೆ. ಡಿವಿಡಿಗೆ ಒಂದು, ಬ್ಲೂ-ರೇಗೆ ಇನ್ನೊಂದು. ಡಿವಿಡಿಯ ಬೀಗ ತೆಗೆಯುವುದು ಅನೇಕ ಪ್ಲೇಯರ್‌ಗಳಲ್ಲಿ ಸುಲಭ. ರಿಮೋಟಿನಲ್ಲಿ ಕೆಲವು ನಂಬರ್ ಒತ್ತಿದರೆ ಸಾಕು. ಅಂಗಡಿಯವರು ಅಷ್ಟು ಮಾಡಿ 'ಆಲ್ ರೀಜನ್' ಅಂತ ಸ್ಟಿಕ್ಕರ್ ಅಂಟಿಸುತ್ತಾರೆ. ಬ್ಲೂ-ರೇ ಬೀಗ ಹಾಗಲ್ಲ. ಬಹುತೇಕ ಪ್ಲೇಯರ್‌ಗಳಲ್ಲಿ ಅದಕ್ಕೆ ಒಳಗೆ ಬೇರೆ ಚಿಪ್ ಕೂರಿಸಬೇಕು. ಫೋನ್ ಮಾಡಿದರೆ ಅಂಗಡಿಯವರು 'ಡಿವಿಡಿ ಓಡಿತಲ್ಲ ಸಾರ್, ನೀವೇ ನೋಡಿದ್ರಲ್ಲ' ಅಂದರು. ಅದು ನಿಜವೇ. ಆದರೆ ನಾನು ಬ್ಲೂ-ರೇಗೆ ಬೇಕು ಅಂತ ಕೇಳಿ ಕೇಳಿ ಕೊಂಡಿದ್ದೆ. ಎರಡು ಸಲ ಹೋಗಿ ಬಂದೆ. ಬಸ್ ಚಾರ್ಜು, ಎರಡು ದಿನ ರಜೆ, ಎಲ್ಲಾ ದಂಡ. ದುಡ್ಡು ವಾಪಸ್ ಬರಲಿಲ್ಲ.

ಹಾಗಾಗಿ ಯಾರಾದರೂ 'ಆಲ್ ರೀಜನ್' ಅಂದರೆ ಒಂದೇ ಪ್ರಶ್ನೆ ಕೇಳಿ: ಬ್ಲೂ-ರೇಯಲ್ಲಿ ಎ, ಬಿ, ಸಿ ಮೂರೂ ಓಡುತ್ತವಾ? ನಿಮ್ಮ ಬ್ಲೂ-ರೇ ಡಿಸ್ಕನ್ನೇ ತೆಗೆದುಕೊಂಡು ಹೋಗಿ ಅಲ್ಲೇ ಹಾಕಿಸಿ ನೋಡಿ. ಡಿವಿಡಿ ಹಾಕಿ ತೋರಿಸಿದರೆ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಆನ್‌ಲೈನಿನಲ್ಲಿ ಕೊಳ್ಳುವವರು ಇನ್ನೂ ಜಾಸ್ತಿ ಹುಷಾರಾಗಿರಬೇಕು. ಅಲ್ಲಿ ಹಾಕಿ ನೋಡುವ ಅವಕಾಶವೇ ಇರುವುದಿಲ್ಲ.

ಮಧ್ಯದಲ್ಲಿ ಇನ್ನೊಂದು ನಷ್ಟವೂ ಆಯಿತು. ಅಪು ಸೆಟ್ ಕೈಕೊಟ್ಟ ಬೇಜಾರಿಗೆ, ಅಕ್ಕ ಕೊಟ್ಟಿದ್ದ ಅಮೆರಿಕದ ಹಳೇ ಡಿವಿಡಿಗಳನ್ನಾದರೂ ಅಪ್ಪ ತಮ್ಮ ರೂಮಿನಲ್ಲಿ ನೋಡಲಿ ಅಂತ ಮನೆಯ ಕಂಪ್ಯೂಟರಿಗೆ ಹಾಕಿದೆ. ರೀಜನ್ ಬದಲಾಯಿಸಬೇಕಾ ಅಂತ ಕೇಳಿತು. ಹೌದು ಅಂದೆ. ಸಿನಿಮಾ ಬಂತು. ಮಾರನೇ ದಿನ ಮಗಳು ಇಲ್ಲಿ ಕೊಂಡ ಕಾರ್ಟೂನ್ ಡಿವಿಡಿ ಹಾಕಿದಳು, ಅದು 5. ಮತ್ತೆ ಕೇಳಿತು, ಮತ್ತೆ ಹೌದು. ಹೀಗೆ ಒಂದು ವಾರ 1ಕ್ಕೆ, 5ಕ್ಕೆ, 1ಕ್ಕೆ ಅಂತ ಬದಲಾಯಿಸಿಕೊಂಡು ಹೋದೆವು. ಒಂದು ದಿನ ಕೇಳುವುದೇ ನಿಂತಿತು. ಡ್ರೈವ್ 1ಕ್ಕೆ ಶಾಶ್ವತವಾಗಿ ಕಚ್ಚಿಕೊಂಡಿತು.

ಕಂಪ್ಯೂಟರಿನ ಡಿವಿಡಿ ಡ್ರೈವ್‌ಗಳಲ್ಲಿ ರೀಜನ್ ಬದಲಾಯಿಸಲು 5 ಸಲ ಮಾತ್ರ ಅವಕಾಶ. 2000ದಿಂದ ಈಚೆಗೆ ಬಂದ ಡ್ರೈವ್‌ಗಳೆಲ್ಲಾ ಹೀಗೆಯೇ. ಈ ಲೆಕ್ಕ ಇರುವುದು ಡ್ರೈವಿನ ಒಳಗೇ. ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದರೂ, ಡ್ರೈವ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೂ ಅದು ಮರೆಯುವುದಿಲ್ಲ. ಇನ್ನು ಎಷ್ಟು ಸಲ ಬಾಕಿ ಇದೆ ಅಂತ ಡಿವೈಸ್ ಮ್ಯಾನೇಜರಿನಲ್ಲಿ ಡ್ರೈವಿನ ಪ್ರಾಪರ್ಟೀಸ್ ತೆಗೆದರೆ ಕಾಣುತ್ತದೆ. ನಾನು ಅದನ್ನು ನೋಡಿದ್ದು ಸೊನ್ನೆ ಆದ ಮೇಲೆ. ಮಗಳು ತನ್ನ ಕಾರ್ಟೂನ್ ಯಾಕೆ ಬರಲ್ಲ ಅಂತ ಕೇಳಿದಾಗ ಉತ್ತರ ಹೇಳುವುದೇ ಕಷ್ಟವಾಯಿತು. ಕಂಪ್ಯೂಟರ್ ಹೀಗೆ ಕೇಳಿದಾಗ ಆತುರದಲ್ಲಿ ಹೌದು ಅನ್ನಬೇಡಿ. ಹೊರದೇಶದ ಡಿಸ್ಕ್‌ಗೆ ಯುಎಸ್‌ಬಿಯಲ್ಲಿ ಹಾಕುವ ಬೇರೆಯೇ ಒಂದು ಡ್ರೈವ್ ಇಟ್ಟುಕೊಂಡು ಅದನ್ನು ಆ ದೇಶದ ಸಂಖ್ಯೆಗೇ ಬಿಟ್ಟುಬಿಡಿ.

ರಿಮೋಟಿನಿಂದ ಬೀಗ ತೆಗೆದ ಪ್ಲೇಯರ್ ಇದ್ದವರಿಗೂ ಒಂದು ಮಾತು. ಪ್ಲೇಯರಿನ ರೀಜನ್ ಸಂಖ್ಯೆಯನ್ನು 0ಗೆ, ಅಂದರೆ ಯಾವ ದೇಶಕ್ಕೂ ಸೇರದ ಹಾಗೆ, ಇಟ್ಟರೆ ಎಲ್ಲಾ ಓಡುತ್ತದೆ ಅಂದುಕೊಳ್ಳುತ್ತೇವೆ. ಅಮೆರಿಕದ ಕೆಲವು ಡಿವಿಡಿಗಳು ಅದನ್ನೂ ಪತ್ತೆ ಹಚ್ಚುತ್ತವೆ. ಪರದೆ ಮೇಲೆ ಪ್ರಪಂಚದ ನಕ್ಷೆ ಬಂದು ನಿಂತರೆ ಡಿಸ್ಕ್ ಹಾಳಾಗಿದೆ ಅಂತ ಎಸೆಯಬೇಡಿ. 0 ಬಿಟ್ಟು ಸರಿಯಾಗಿ 1ಕ್ಕೇ ಇಟ್ಟು ನೋಡಿ.

ಕೊನೆಗೆ ಅಕ್ಕನೇ ದಾರಿ ಹುಡುಕಿದಳು. ಅಮೆರಿಕದ್ದೇ ಪ್ಲೇಯರ್ ಕೊಂಡರೆ ಅದು ಹೇಗೂ 'ಎ' ಅಲ್ವಾ? ಎಚ್‌ಡಿಎಂಐ ಕೇಬಲ್ (ಪ್ಲೇಯರನ್ನು ಟಿವಿಗೆ ಜೋಡಿಸುವುದು) ಎಲ್ಲಾ ದೇಶದಲ್ಲೂ ಒಂದೇ. ಆದರೆ ಇಲ್ಲೂ ಒಂದು ತೊಡಕು ಇದೆ. ಅಮೆರಿಕದ ಕರೆಂಟು 120 ವೋಲ್ಟು, ನಮ್ಮದು 230. ಅಲ್ಲಿಗೆ ಮಾತ್ರ ಅಂತ ಮಾಡಿದ ಪ್ಲೇಯರನ್ನು ಬರೀ ಪಿನ್ ಬದಲಾಯಿಸಿ ನಮ್ಮ ಸಾಕೆಟ್ಟಿಗೆ ಚುಚ್ಚಿದರೆ ಸುಟ್ಟುಹೋಗುತ್ತದೆ. ಈ ಸಲ ನಾನು ಮೊದಲೇ ಕೇಳಿದೆ. 'ಅಕ್ಕಾ, ಅಡಾಪ್ಟರ್ ಮೇಲಿನ ಅಕ್ಷರ ಓದಿ ಹೇಳು' ಅಂದೆ. ಅವಳು ಅಂಗಡಿಯಿಂದಲೇ ವಿಡಿಯೋ ಕಾಲ್ ಮಾಡಿ ಒಂದೊಂದೇ ಪ್ಲೇಯರ್ ತಿರುಗಿಸಿ ತೋರಿಸಿದಳು. ಎರಡರ ಹಿಂದೆ 120 ವೋಲ್ಟ್ ಅಂತ ಮಾತ್ರ ಇತ್ತು. ಮೂರನೆಯದು ಚಿಕ್ಕದು, ಜೊತೆಗೆ ಬೇರೆ ಅಡಾಪ್ಟರ್, ಅದರ ಮೇಲೆ 100-240 ವೋಲ್ಟ್ ಅಂತ ಇತ್ತು. 'ಅದನ್ನೇ ತಗೋ' ಅಂದೆ. ಭಾವ ಬರುವಾಗ ತಂದರು.

ಇದನ್ನು ಮೊದಲೇ ಮಾಡಿದ್ದರೆ 9,500 ರೂಪಾಯಿಯೂ, ನಾಲ್ಕು ತಿಂಗಳೂ ಉಳಿಯುತ್ತಿದ್ದವು. ಅಪ್ಪ ಆ ನಾಲ್ಕು ತಿಂಗಳಲ್ಲಿ ಒಂದು ಸಲವೂ ಸಿನಿಮಾ ಯಾವಾಗ ಅಂತ ಕೇಳಲಿಲ್ಲ. ಅದೇ ನನಗೆ ಜಾಸ್ತಿ ಚುಚ್ಚುತ್ತಿತ್ತು. ಪ್ಲೇಯರ್ ಬಂದ ರಾತ್ರಿ, ಅಪು ಮತ್ತು ದುರ್ಗಾ ಬಿಳಿ ಹೂವಿನ ಹುಲ್ಲಿನ ನಡುವೆ ರೈಲು ನೋಡಲು ಓಡುವ ಜಾಗದಲ್ಲಿ ಅಪ್ಪ ಮುಂದಕ್ಕೆ ಬಾಗಿ ಕೂತರು. 'ಈ ಹುಲ್ಲು ಇಷ್ಟು ಬೆಳ್ಳಗಿದೆ ಅಂತ ನಂಗೆ ಗೊತ್ತೇ ಇರಲಿಲ್ಲ ಕಣೋ' ಅಂದರು.

ಇಲ್ಲಿಂದ ಅಲ್ಲಿಗೆ ಡಿಸ್ಕ್ ಒಯ್ಯುವವರಿಗೂ ಎರಡು ಮಾತು. ಕನ್ನಡ ಸಿನಿಮಾದ ಡಿವಿಡಿಗಳಲ್ಲಿ ರೀಜನ್ ಬೀಗ ಇರುವುದು ಅಪರೂಪ. ವಿಸಿಡಿಗೆ ಆ ಬೀಗವೇ ಇಲ್ಲ. ಆದರೆ ಡಿಸ್ಕ್ ಪಾಲ್ (ನಮ್ಮ ಕಡೆಯ ಟಿವಿ ಚಿತ್ರದ ಪದ್ಧತಿ) ಆಗಿದ್ದರೆ ಅಮೆರಿಕದ ಎಷ್ಟೋ ಪ್ಲೇಯರ್, ಟಿವಿಗಳಲ್ಲಿ ಚಿತ್ರ ಬರುವುದಿಲ್ಲ. ಅಲ್ಲಿನದು ಎನ್‌ಟಿಎಸ್‌ಸಿ. ಅಪ್ಪ ಅಮ್ಮನ ಹತ್ತಿರ ಸೂಟ್‌ಕೇಸ್ ತುಂಬಾ ಡಿಸ್ಕ್ ತರಿಸಿಕೊಳ್ಳುವ ಮುಂಚೆ ಬಾಕ್ಸ್ ಮೇಲೆ ಇವೆರಡರಲ್ಲಿ ಯಾವುದಿದೆ ನೋಡಿಸಿ. ಪಾಲ್ ಆಗಿದ್ದರೆ ಕಂಪ್ಯೂಟರಿನಲ್ಲಿ ಹಾಕಿ ನೋಡಬಹುದು, ಅಲ್ಲಿ ಆ ತೊಂದರೆ ಬರುವುದಿಲ್ಲ. ಇನ್ನೂ ಸ್ಪಷ್ಟ ಚಿತ್ರದ 4ಕೆ ಬ್ಲೂ-ರೇಯಲ್ಲಿ ರೀಜನ್ ಬೀಗ ತೆಗೆದುಬಿಟ್ಟಿದ್ದಾರೆ, ಅದು ನಿಜಕ್ಕೂ ಒಳ್ಳೆಯದಾಯಿತು. ಅದಕ್ಕೆ 4ಕೆ ಪ್ಲೇಯರೇ ಬೇಕು ಅನ್ನುವುದು ನೆನಪಿರಲಿ. ಅದೇ ಬಾಕ್ಸಿನಲ್ಲಿ ಜೊತೆಗೆ ಕೊಡುವ ಮಾಮೂಲಿ ಬ್ಲೂ-ರೇಗೆ ಬೀಗ ಇರಬಹುದು, ಅದನ್ನೂ ನೋಡಿಕೊಳ್ಳಿ.

ಅಕ್ಕ ಈಗ ಏನು ಕೊಳ್ಳುವುದಿದ್ದರೂ ಮೊದಲು ಬಾಕ್ಸಿನ ಹಿಂಬದಿಯ ಫೋಟೋ ವಾಟ್ಸಾಪ್ ಮಾಡುತ್ತಾಳೆ. ಮೊನ್ನೆ ಒಂದು ಬಂತು. ದೊಡ್ಡದು ಮಾಡಿ ನೋಡಿದೆ. ಮೂಲೆಯಲ್ಲಿ ಎ, ಬಿ, ಸಿ ಮೂರೂ ಇದ್ದವು. 'ತಗೋ ಅಕ್ಕಾ' ಅಂತ ಬರೆದೆ.