ದ್ರಾಕ್ಷಿ ತೋಟದ ಡಬ್ಬಿಗೆ ಬ್ಯಾಟರಿ ಎಷ್ಟಿದೆ ಹೇಳುವ ಮ್ಯಾಕ್ಸ್17048 ಚಿಪ್: ಒಂದು ಸೀಸನ್ ಬಳಸಿದ ಮೇಲೆ

ವಿಜಯಪುರ ಜಿಲ್ಲೆಯ ತಿಕೋಟಾ ಹತ್ತಿರ ನಮ್ಮ ದ್ರಾಕ್ಷಿ ತೋಟವಿದೆ. ಮಣ್ಣಿನ ತೇವ ನೋಡಿ ಫೋನಿಗೆ ಸುದ್ದಿ ಕಳಿಸುವ ಸಣ್ಣ ಡಬ್ಬಿಯೊಂದನ್ನು ನಾನೇ ಕಟ್ಟಿದ್ದೇನೆ. ಒಳಗೆ ವೈಫೈ ಇರುವ ಇಎಸ್‌ಪಿ32 ಬೋರ್ಡ್, 2600 ಎಂಎಎಚ್‌ನ (ಮಿಲಿಆಂಪಿಯರ್-ಗಂಟೆ) ಒಂದು 18650 ಲಿಥಿಯಂ ಸೆಲ್, ಚಾರ್ಜ್ ಮಾಡಲು ಟಿಪಿ4056 ಬೋರ್ಡ್. ಬ್ಯಾಟರಿ ಎಷ್ಟಿದೆ ಅಂತ ತಿಳಿಯಲು ಮೊದಲು ಎರಡು ರೆಸಿಸ್ಟರ್ ಹಾಕಿ ವೋಲ್ಟೇಜ್ ಓದುತ್ತಿದ್ದೆ. ಏಪ್ರಿಲ್ ಚಾಟ್ನಿ (ಬಳ್ಳಿ ಕತ್ತರಿಸುವ ಕೆಲಸ) ಮುಗಿದ ವಾರವೇ ತಮ್ಮನ ಫೋನ್ ಬಂತು: "ಅಣ್ಣಾ, ಸಂಜಿ ಮುಂದ ಐವತ್ತು ತೋರಸ್ತಿತ್ತು, ಮುಂಜಾನಿ ನೋಡಿದ್ರ ಬಂದ್ ಆಗೇತಿ."

ಲಿಥಿಯಂ ಸೆಲ್ಲಿನ ವೋಲ್ಟೇಜ್ ಒಂದೇ ಸಮನೆ ಇಳಿಯುವುದಿಲ್ಲ. 3.9ರಿಂದ 3.6ರ ತನಕ ನಿಧಾನ, ಆಮೇಲೆ ಧಡಕ್ಕನೆ. ವೈಫೈ ಚಾಲೂ ಆದ ಕ್ಷಣ ಬೋರ್ಡ್ ಜಾಸ್ತಿ ಕರೆಂಟ್ ಎಳೆದು ವೋಲ್ಟೇಜ್ ಕುಸಿಯುತ್ತದೆ. ಚಾರ್ಜರ್ ಹಚ್ಚಿದರೆ ಅದೇ ವೋಲ್ಟೇಜ್ ಏರಿಬಿಡುತ್ತದೆ. ಟಿಪಿ4056 ತನ್ನ ಕೆಲಸ ಸರಿಯಾಗಿ ಮಾಡುತ್ತದೆ: 4.2 ವೋಲ್ಟ್ ತಲುಪಿ, ಕರೆಂಟ್ ಹತ್ತನೇ ಒಂದು ಭಾಗಕ್ಕೆ ಇಳಿದಾಗ ನಿಲ್ಲಿಸುತ್ತದೆ. ಎಷ್ಟು ಉಳಿದಿದೆ ಅನ್ನೋದು ಮಾತ್ರ ಅದಕ್ಕೆ ಗೊತ್ತಿಲ್ಲ.

ಅದನ್ನು ಹೇಳುವ ಚಿಪ್‌ಗಳೇ ಬೇರೆ: ಬಿಕ್ಯೂ27441 ಮತ್ತು ಮ್ಯಾಕ್ಸ್17048, ಎರಡನ್ನೂ ತರಿಸಿದೆ. ಬಿಕ್ಯೂ ಚಿಪ್ ಸಣ್ಣ ರೆಸಿಸ್ಟರ್ ಮೂಲಕ ಒಳಗೆ ಹೋದ, ಹೊರಗೆ ಬಂದ ಕರೆಂಟನ್ನೇ ಎಣಿಸುತ್ತದೆ. ಲೆಕ್ಕ ಪಕ್ಕಾ. ಆದರೆ ಸೆಲ್ ಎಷ್ಟು ದೊಡ್ಡದು, ಚಾರ್ಜರ್ ಎಷ್ಟು ಕರೆಂಟಿಗೆ ನಿಲ್ಲುತ್ತದೆ ಅಂತ ನಾವೇ ಹೇಳಬೇಕು. 1 ಆಂಪಿಯರ್‌ನ ಟಿಪಿ4056 ಸುಮಾರು 100 ಮಿಲಿಆಂಪಿಯರ್‌ಗೆ ನಿಲ್ಲುತ್ತದೆ. ಚಿಪ್ಪಿನಲ್ಲಿ ಅದಕ್ಕಿಂತ ಸ್ವಲ್ಪ ಮೇಲಿನ ಅಂಕಿ ಬರೆಯದಿದ್ದರೆ ಬ್ಯಾಟರಿ ತುಂಬಿದ್ದು ಅದಕ್ಕೆ ತಿಳಿಯುವುದೇ ಇಲ್ಲ. ಸೆಲ್ ಬಿಚ್ಚಿ ಹಾಕಿದರೆ ಬರೆದದ್ದೆಲ್ಲ ಹೋಗುತ್ತದೆ, ಮತ್ತೆ ಬರೆಯಬೇಕು. ತೋಟದಲ್ಲಿ ನಿಂತು ಆ ಕೆಲಸ ಯಾರು ಮಾಡಬೇಕು?

ಮ್ಯಾಕ್ಸ್17048ಗೆ ಇದ್ಯಾವುದೂ ಬೇಡ. ರೆಸಿಸ್ಟರ್ ಇಲ್ಲ. ಸೆಲ್ಲಿನ ವೋಲ್ಟೇಜ್ ಹೇಗೆ ಬದಲಾಗುತ್ತಿದೆ ಅಂತ ಸದಾ ಗಮನಿಸಿ, ತನ್ನೊಳಗಿನ ಬ್ಯಾಟರಿ ಮಾದರಿಗೆ ಹೋಲಿಸಿ ಶೇಕಡಾ ಹೇಳುತ್ತದೆ. ತಾನು ಕುಡಿಯುವುದು 23 ಮೈಕ್ರೋ ಆಂಪಿಯರ್ ಅಷ್ಟೇ. ಚಾರ್ಜ್ ಯಾವ ವೇಗದಲ್ಲಿ ಏರುತ್ತಿದೆ ಅಂತಾನೂ ಹೇಳುತ್ತದೆ. ನನ್ನ ಸೆಲ್ಲಿಗೆ ಮೊದಲ ಗಂಟೆಯಲ್ಲಿ ಸುಮಾರು 38 ಶೇಕಡಾ ಬಂತು. ಕಾಗದದ ಮೇಲಿನ ಲೆಕ್ಕಕ್ಕೆ (2600ರಲ್ಲಿ 1000) ಸರಿಯಾಗಿ ಕೂತಾಗ ನಿಜವಾಗಿಯೂ ಖುಷಿಯಾಯಿತು. ಚಿಪ್ 2 ಮಿಲಿಮೀಟರ್ ಚೌಕ, ಕೈಯಿಂದ ಬೆಸುಗೆ ಹಾಕುವುದು ಕಷ್ಟ. ಸುಮ್ನೆ ರೆಡಿ ಬೋರ್ಡ್ ತಗೊಳ್ಳಿ.

ಒಂದು ಎಚ್ಚರ. ಸೆಲ್ ಜೋಡಿಸಿದ ಕೂಡಲೇ ಕಂಡ ವೋಲ್ಟೇಜನ್ನು ಇದು ಸುಮ್ಮನೆ ಇಟ್ಟ ಸೆಲ್ಲಿನ ವೋಲ್ಟೇಜ್ ಅಂತ ನಂಬಿ ಲೆಕ್ಕ ಶುರು ಮಾಡುತ್ತದೆ. ಚಾರ್ಜರ್ ಚಾಲೂ ಇಟ್ಟು ಸೆಲ್ ಹಾಕಿದೆ, ಅರ್ಧವೂ ಇಲ್ಲದ ಸೆಲ್ 80ರ ಮೇಲೆ ತೋರಿಸಿತು. ಮೊದಲು ಸೆಲ್, ಆಮೇಲೆ ಚಾರ್ಜರ್.

ಇನ್ನೊಂದು ನಮ್ಮ ಬಿಸಿಲು. ಏಪ್ರಿಲ್, ಮೇನಲ್ಲಿ ವಿಜಯಪುರ 40 ಡಿಗ್ರಿ ದಾಟುತ್ತದೆ ಅಲ್ವಾ? ಚಿಪ್ಪಿಗೆ ಸೆಲ್ ಕಾದದ್ದು ತಿಳಿಯದು. ಬಿಸಿಗೆ ತಕ್ಕಂತೆ ಲೆಕ್ಕ ತಿದ್ದುವ ಆರ್‌ಕಾಂಪ್ ಎಂಬ ಅಂಕಿಯನ್ನು ನಾವೇ ಬದಲಿಸಬೇಕು: 20 ಡಿಗ್ರಿಗೆ 151, ಮೇಲಿನ ಪ್ರತಿ ಡಿಗ್ರಿಗೆ 0.5 ಕಡಿಮೆ. 40ಕ್ಕೆ 141. ಸಿಗುವ ಹೆಚ್ಚಿನ ಟಿಪಿ4056 ಬೋರ್ಡ್‌ಗಳಲ್ಲಿ ಸೆಲ್ಲಿನ ಬಿಸಿ ತಿಳಿಯುವ ಟೆಂಪ್ ಪಿನ್ ಗ್ರೌಂಡಿಗೆ ಬೆಸೆದಿರುತ್ತದೆ, ಹಾಗಾಗಿ ಚಾರ್ಜರ್ ಕೂಡ ಸೆಲ್ ಕಾದರೆ ನಿಲ್ಲಿಸುವುದಿಲ್ಲ. ಸಾಮಾನ್ಯವಾಗಿ 45 ಡಿಗ್ರಿ ಮೇಲೆ ಈ ಸೆಲ್ ಚಾರ್ಜ್ ಮಾಡಬಾರದು. ನಾವು ಹೊತ್ತು ಮುಳುಗಿದ ಮೇಲೆಯೇ ಹಚ್ಚುತ್ತೇವೆ.

ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ ಇದ್ದರೆ ಮ್ಯಾಕ್ಸ್17048 ಕೊಳ್ಳಬೇಡಿ. ಎಷ್ಟು ಎಂಎಎಚ್ ಖರ್ಚಾಯಿತು ಅಂತ ಬೇಕಿದ್ದರೆ ಬಿಕ್ಯೂ ಸರಿ. ನನಗೆ ಬೇಕಾದದ್ದು ಮುಂಚೆ ಸಿಗುವ ಒಂದು ಸುದ್ದಿ. ಎಚ್ಚರಿಕೆಯನ್ನು 1ರಿಂದ 32 ಶೇಕಡಾ ನಡುವೆ ಎಲ್ಲಿ ಬೇಕಾದರೂ ಇಡಬಹುದು, ನಾನು 20ಕ್ಕೆ ಇಟ್ಟಿದ್ದೇನೆ. ಅದು ಬಂದ ದಿನ ತಮ್ಮ ಬುತ್ತಿಯ ಜೊತೆ ಚಾರ್ಜರ್ ಕಟ್ಟಿಕೊಂಡು ತೋಟಕ್ಕೆ ಹೋಗುತ್ತಾನೆ.