ಗ್ರಿಫಿತ್ಸ್, ಸಕುರಾಯ್, ಶಂಕರ್: ಎಂ.ಎಸ್ಸಿ.ಗೆ ಮುಂಚೆ ಯಾವುದು?

ಬಿ.ಎಸ್ಸಿ. ಮುಗಿದು ಎಂ.ಎಸ್ಸಿ. ಶುರುವಾಗುವ ನಡುವೆ ಮೂರು ತಿಂಗಳು ಬಿಡುವಿತ್ತು. ಬೆಳಗಾವಿಯ ಟಿಳಕವಾಡಿಯಲ್ಲಿ ಬಾಡಿಗೆ ಕೋಣೆ, ಮೇಜಿನ ಮೇಲೆ ಎರವಲು ತಂದ ನಾಲ್ಕು ಕ್ವಾಂಟಮ್ ಮೆಕ್ಯಾನಿಕ್ಸ್ ಪಠ್ಯಪುಸ್ತಕ. ಬರೆದವರ ಹೆಸರಿನಿಂದಲೇ ಅವನ್ನು ಕರೆಯುತ್ತೇನೆ: ಗ್ರಿಫಿತ್ಸ್, ಸಕುರಾಯ್, ಶಂಕರ್, ಝೆಟ್ಟಿಲಿ. ನಾಲ್ಕಕ್ಕೂ ಒಂದೇ ಪರೀಕ್ಷೆ ಇಟ್ಟೆ. ಹಾರ್ಮೋನಿಕ್ ಆಸಿಲೇಟರ್‌ನ, ಅಂದರೆ ಸ್ಪ್ರಿಂಗಿಗೆ ಕಟ್ಟಿದ ಗುಂಡಿನಂತೆ ಹಿಂದೆ ಮುಂದೆ ಆಡುವ ಕಣದ, ಕನಿಷ್ಠ ಶಕ್ತಿ ಸೊನ್ನೆಯಲ್ಲ, ಅರ್ಧ ಎಚ್-ಬಾರ್ ಒಮೆಗಾ (ಎಚ್-ಬಾರ್ ಅಂದರೆ ಪ್ಲಾಂಕ್ ಸ್ಥಿರಾಂಕವನ್ನು ಎರಡು ಪೈನಿಂದ ಭಾಗಿಸಿದ್ದು, ಒಮೆಗಾ ಅಂದರೆ ಆಟದ ಕೋನೀಯ ಆವರ್ತನ). ಪುಸ್ತಕ ಮುಚ್ಚಿಟ್ಟು ಅದನ್ನು ಬಿಡಿಸಿ ತೋರಿಸಲು ಬಂದರೆ ಆ ಪುಸ್ತಕ ನನಗೆ ದಕ್ಕಿತು ಅಂತ.

ಗ್ರಿಫಿತ್ಸ್ ಬೇಗ ದಕ್ಕಿತು. ಆರಂಭದಲ್ಲೇ ಕ್ವಾಂಟಮ್‌ನ ಮೂಲ ಸಮೀಕರಣವಾದ ಶ್ರೋಡಿಂಗರ್ ಸಮೀಕರಣ, ಪಕ್ಕದಲ್ಲಿ ಕೂತು ಹೇಳಿಕೊಟ್ಟಂಥ ಮಾತು. ಕನ್ನಡ ಮಾಧ್ಯಮದಿಂದ ಬಂದ ನನಗೆ ಆ ತಿಳಿ ಇಂಗ್ಲಿಷೇ ದೊಡ್ಡ ಉಪಕಾರ. ಆಸಿಲೇಟರನ್ನು ಏಣಿ ಆಪರೇಟರ್‌ನಿಂದ (ಶಕ್ತಿಯನ್ನು ಒಂದೊಂದೇ ಮೆಟ್ಟಿಲು ಏರಿಸುವ, ಇಳಿಸುವ ಗಣಿತ ಕ್ರಿಯೆ) ಒಮ್ಮೆ, ಘಾತ ಶ್ರೇಣಿಯಿಂದ ಇನ್ನೊಮ್ಮೆ ಬಿಡಿಸುತ್ತಾರೆ. ಆದರೆ ಕಣದ ಸ್ಥಿತಿಯನ್ನು ವೆಕ್ಟರ್‌ ಆಗಿ ಬರೆಯುವ ಬ್ರಾ-ಕೆಟ್ ಬರುವುದು ಮೂರನೇ ಅಧ್ಯಾಯಕ್ಕೆ, ಕಣದ ಒಳಗಿನ ಕೋನೀಯ ಸಂವೇಗವಾದ ಸ್ಪಿನ್ ನಾಲ್ಕಕ್ಕೆ. ಅಷ್ಟೊತ್ತಿಗೆ ಕ್ವಾಂಟಮ್ ಅಂದರೆ ಡಿಫರೆನ್ಷಿಯಲ್ ಸಮೀಕರಣ ಅಂತ ಕೈಗೆ ರೂಢಿ ಬಿದ್ದಿರುತ್ತದೆ.

ಅದೇ ರೂಢಿಯಲ್ಲಿ ಸಕುರಾಯ್ ತೆರೆದು ತಪ್ಪು ಮಾಡಿದೆ. ಅದು ಶುರುವಾಗುವುದೇ 1922ರ ಸ್ಟರ್ನ್-ಗೆರ್ಲಾಕ್ ಪ್ರಯೋಗದಿಂದ. ಬೆಳ್ಳಿ ಪರಮಾಣುಗಳ ಕಿರಣ ಅಯಸ್ಕಾಂತದ ನಡುವೆ ಹಾಯ್ದು ಸ್ಪಿನ್‌ಗೆ ತಕ್ಕಂತೆ ಎರಡಾಗಿ ಕವಲೊಡೆಯುತ್ತದೆ. ಝಡ್ ದಿಕ್ಕಿನ 'ಮೇಲು' ಕವಲನ್ನಷ್ಟೇ ಉಳಿಸಿಕೊಂಡು ಎಕ್ಸ್ ದಿಕ್ಕಿನ ಅಯಸ್ಕಾಂತಕ್ಕೆ ಬಿಡಬೇಕು. ಅಲ್ಲಿನ ಒಂದು ಕವಲು ಹಿಡಿದು ಮತ್ತೆ ಝಡ್‌ಗೆ ಬಿಟ್ಟರೆ, ಮೊದಲೇ ತಡೆದಿದ್ದ 'ಕೆಳಗು' ಅರ್ಧಕ್ಕರ್ಧ ವಾಪಸ್ ಬರುತ್ತದೆ! ಓದಿ ಮೈ ಜುಮ್ಮೆಂದಿತು. ಆದರೆ ಅರ್ಧವೇ ಏಕೆ ಅನ್ನುವ ಲೆಕ್ಕ ಹತ್ತಲಿಲ್ಲ. ಎರಡು ವಾರ ಅದೇ ಪುಟಗಳಲ್ಲಿ ಸಿಕ್ಕಿಬಿದ್ದೆ. ಕೊರತೆ ಇದ್ದದ್ದು ಭೌತವಿಜ್ಞಾನದಲ್ಲಲ್ಲ, ಲೀನಿಯರ್ ಆಲ್ಜೀಬ್ರಾದಲ್ಲಿ, ಅಂದರೆ ವೆಕ್ಟರ್, ಮ್ಯಾಟ್ರಿಕ್ಸ್‌ಗಳ ಗಣಿತದಲ್ಲಿ.

ಅದನ್ನು ತುಂಬಿಕೊಟ್ಟದ್ದು ಶಂಕರ್. ಐಐಟಿ ಮದ್ರಾಸಿನಲ್ಲಿ ಎಂಜಿನಿಯರಿಂಗ್ ಓದಿ ಯೇಲ್‌ನಲ್ಲಿ ಭೌತವಿಜ್ಞಾನ ಕಲಿಸಿದವರು. ಮೊದಲ ಅಧ್ಯಾಯ ಪೂರ್ತಿ ಗಣಿತ: ವೆಕ್ಟರ್ ಸ್ಪೇಸ್, ಇನ್ನರ್ ಪ್ರಾಡಕ್ಟ್, ಹರ್ಮಿಷಿಯನ್ ಆಪರೇಟರ್, ಐಗನ್ ವ್ಯಾಲ್ಯೂ. ಹೊರಗೆ ಅಡ್ಡಮಳೆ ಸುರಿಯುತ್ತಿದ್ದ ಒಂದು ಸಂಜೆ, ಆ ಅಧ್ಯಾಯದ ಲೆಕ್ಕಗಳನ್ನು ಮುಗಿಸಿ ಸ್ಟರ್ನ್-ಗೆರ್ಲಾಕ್‌ಗೆ ಮರಳಿದೆ. ಎಕ್ಸ್ ಕವಲಿನ ಕೆಟ್ (ಸ್ಥಿತಿಯ ವೆಕ್ಟರ್) ಅಂದರೆ ಝಡ್ ಮೇಲು, ಝಡ್ ಕೆಳಗು ಎರಡರ ಮೊತ್ತ. ಪ್ರತಿಯೊಂದರ ಮುಂದೆ ರೂಟ್ ಎರಡರಲ್ಲಿ ಒಂದು. ವರ್ಗ ಮಾಡಿದರೆ ಸಿಗುವ ಸಂಭವನೀಯತೆ ಅರ್ಧ. ರಫ್ ನೋಟಿನಲ್ಲಿ ಎರಡೇ ಸಾಲು.

ಝೆಟ್ಟಿಲಿಯನ್ನು ಮೊದಲಿಂದ ಕೊನೆಗೆ ಓದಲಿಲ್ಲ. ಅಧ್ಯಾಯದ ಕೊನೆಗೆ ಬಿಡಿಸಿಟ್ಟ ಲೆಕ್ಕಗಳ ರಾಶಿ ಇದೆ, ಪ್ರವೇಶ ಪರೀಕ್ಷೆಗೆ ಕೂರುವವರಿಗೆ ಅದೇ ಸಾಕು. ಉತ್ತರ ಕಣ್ಣೆದುರೇ ಇರುವುದರಿಂದ ಅದರ ಮೇಲೆ ಕಾಗದ ಮುಚ್ಚಿಕೊಂಡು ಬಿಡಿಸಿ.

ಒಂದನ್ನೇ ಕೊಳ್ಳುವುದಾದರೆ ನಾನು ಶಂಕರ್ ಅನ್ನುತ್ತೇನೆ. ಗ್ರಿಫಿತ್ಸ್‌ನ ಮೊದಲೆರಡು ಅಧ್ಯಾಯ, ಆಮೇಲೆ ಶಂಕರ್‌ನ ಗಣಿತ, ಅದಾದ ಮೇಲೆ ಸಕುರಾಯ್. ಈ ದಾರಿಯಲ್ಲಿ ಬಂದು ಸಕುರಾಯ್‌ನ ಆಸಿಲೇಟರ್ ಮುಟ್ಟಿದಾಗ ಅದು ಒಂದೇ ಸಂಜೆಗೆ ಮುಗಿಯಿತು. ಯಾವ ವೆಕ್ಟರ್‌ನ ಉದ್ದವೂ ಋಣವಾಗಲಾರದು, ಹಾಗಾಗಿ ಏಣಿ ಇಳಿಯುತ್ತ ಇಳಿಯುತ್ತ ಸೊನ್ನೆಯ ಮೆಟ್ಟಿಲಲ್ಲಿ ನಿಲ್ಲಲೇಬೇಕು. ಅಲ್ಲಿ ಉಳಿಯುವ ಶಕ್ತಿ ಅರ್ಧ ಎಚ್-ಬಾರ್ ಒಮೆಗಾ. ಪುಸ್ತಕ ಮುಚ್ಚಿಯೇ ಇತ್ತು.